ಹಳೆ ರಿಕರ್ವ್ ಬಿಲ್ಲು ನೋಡೋಕೆ ಹೋಗಿ, ಹೊಸದು ತಗೊಂಡಿದ್ದು

ಮರ, ಫೈಬರ್‌ಗ್ಲಾಸ್ ಪಟ್ಟಿಗಳನ್ನು ಅಂಟಿಸಿ ಮಾಡಿದ ಒಂದೇ ತುಂಡಿನ ರಿಕರ್ವ್ ಬಿಲ್ಲು (ತುದಿಗಳು ಗುರಿಯ ಕಡೆಗೆ ಬಾಗಿದ ಬಿಲ್ಲು) ನೋಡೋಕೆ ತುಂಬಾ ಚೆಂದ. ಚೆಂದ ಇರೋದಕ್ಕೇ ಕೊಳ್ಳುವಾಗ ಕಣ್ಣು ಸೋಲುತ್ತದೆ. ನಾನಿರುವುದು ಗಂಗಾವತಿಯಲ್ಲಿ. ಬಳ್ಳಾರಿಯಲ್ಲಿ ಒಬ್ಬರು ತಮ್ಮ ಹಳೆ ಬಿಲ್ಲು ಮಾರುತ್ತಾರೆ ಅಂತ ಗೊತ್ತಾಗಿ ಹೋದೆ.

"ಅಣ್ಣಾರೆ, ಹೆದೆ ಏರಿಸೋಕಿಂತ ಮುಂಚೆ ಹಂಗೇ ಒಂದ್ಸಲ ನೋಡ್ತೀನ್ರಿ" ಎಂದೆ.

"ನೋಡ್ರಿ, ಅದಕ್ಕೇನಂತೆ" ಎಂದರು.

ಲಿಂಬ್‌ಗಳನ್ನು (ಹಿಡಿಯ ಮೇಲೂ ಕೆಳಗೂ ಇರುವ, ಬಾಗುವ ಎರಡು ತೋಳು) ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದೆ. ಉದ್ದಕ್ಕೆ ಕಾಣುವ ಸಣ್ಣ ಗೆರೆ ಬಹಳ ಸಲ ಮೇಲಿನ ಪಾಲಿಶ್‌ನದ್ದಷ್ಟೇ. ಅಡ್ಡ ಬಿರುಕಿದ್ದರೆ, ಪಟ್ಟಿಗಳ ನಡುವೆ ಅಂಟು ಬಿಟ್ಟಿದ್ದರೆ ಆ ಬಿಲ್ಲನ್ನು ಎಳೆಯಲೇಬಾರದು. ಮುರಿದರೆ ತುಂಡು ಹಾರುವುದು ಮುಖದ ಹತ್ತಿರ. ಕಣ್ಣಿಗೆ ಕಾಣದ ಸೀಳಿಗೆ ಹತ್ತಿ ಸಾಕು: ಅಂಚಿನ ಮೇಲೆ ಮೆಲ್ಲಗೆ ಎಳೆದರೆ ಎದ್ದ ಎಳೆಗೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಎಲ್ಲೂ ಸಿಕ್ಕಲಿಲ್ಲ.

ಆಮೇಲೆ ಸ್ಟ್ರಿಂಗರ್ ಹಗ್ಗದಿಂದ ಹೆದೆ ಏರಿಸಿದೆವು. ಅದಿಲ್ಲದೆ ಬಿಲ್ಲನ್ನು ಕಾಲ ನಡುವೆ ತೂರಿಸಿ ಬಗ್ಗಿಸಿದರೆ ಲಿಂಬ್ ತಿರುಚಿಕೊಳ್ಳುವ ಭಯ ಇರುತ್ತದೆ. ಹಿಂದಿನಿಂದ ನೋಡಿದರೆ ಹೆದೆ ಎರಡೂ ಲಿಂಬ್‌ಗಳ ಸರಿ ಮಧ್ಯಕ್ಕೆ ಬರಬೇಕು. ಬಂತು. ಹೆದೆಯ ನೂಲು ಡೆಕ್ರಾನ್, ಅಂದರೆ ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್. ಅದೂ ಸರಿಯೇ. ತುದಿ ಗಟ್ಟಿ ಮಾಡದ ಹಳೆ ಬಿಲ್ಲಿಗೆ ಹಿಗ್ಗದ ಹೊಸ ನೂಲು ಹಾಕಿದರೆ ತುದಿ ಸೀಳಬಹುದು. ನಿಧಾನ ಎಳೆದು, ನಿಧಾನ ವಾಪಸ್ ಬಿಟ್ಟೆ. ಬಾಣವಿಲ್ಲದೆ ಹೆದೆ ಬಿಡೋದು ಬಿಲ್ಲನ್ನು ಕೈಯಾರೆ ಮುರಿದಂತೆ.

ಬಿಲ್ಲು ಚೆನ್ನಾಗೇ ಇತ್ತು. ತೊಡಕಾಗಿದ್ದು ಪೌಂಡ್, ಅಂದರೆ ಹೆದೆ ಎಳೆಯೋಕೆ ಬೇಕಾದ ಬಲ. ಅದರ ಮೇಲೆ 28 ಇಂಚಿನ ಎಳೆತಕ್ಕೆ 45 ಪೌಂಡ್ ಅಂತ ಬರೆದಿತ್ತು. ಎರಡೂ ಕೈ ಪಕ್ಕಕ್ಕೆ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿದರೆ ನಾವು ಎಳೆಯುವ ಉದ್ದ ಸುಮಾರಾಗಿ ಸಿಗುತ್ತದೆ. ನನ್ನದು 75 ಇಂಚು, ಅಂದರೆ ಎಳೆತ 30. ಒಂದೊಂದು ಇಂಚಿಗೂ ಎರಡು ಮೂರು ಪೌಂಡ್ ಏರುತ್ತದೆ, ಹಾಗಾಗಿ ನನ್ನ ಬೆರಳಿಗೆ ಬರೋದು ಹತ್ತಿರ ಹತ್ತಿರ 50. ಹೊಸಬರಿಗೆ ಇದು ಜಾಸ್ತಿ ಆಯ್ತು ಅಲ್ವಾ? ಎಳೆಯೋ ತಾಕತ್ತಿರಬಹುದು, ಆದರೆ ತಡೆದು ಗುರಿ ಹಿಡಿಯುವಾಗ ಭುಜ ನಡುಗುತ್ತದೆ. ಹಾಗೇ ಹೊಡೆಯುತ್ತಾ ಹೋದರೆ ಭುಜದ ನೋವು ಕಟ್ಟಿಟ್ಟ ಬುತ್ತಿ. ಅವರಿಗೆ ಇದನ್ನೇ ಹೇಳಿ, ಬಿಲ್ಲು ವಾಪಸ್ ಕೊಟ್ಟು ಬಂದೆ.

ಕೊನೆಗೆ ತಗೊಂಡಿದ್ದು ಬಿಚ್ಚಿ ಜೋಡಿಸುವ ಮೂರು ತುಂಡಿನ ಹೊಸ ಬಿಲ್ಲು. ಉದ್ದ 68 ಇಂಚು, ಲಿಂಬ್ 28 ಪೌಂಡಿನದು. ಹಿಡಿ ಮರದ್ದೇ, ಕೈಗೆ ಅದೇ ಖುಷಿ. ಕೈ ಪಳಗಿದ ಮೇಲೆ ಲಿಂಬ್ ಮಾತ್ರ ಬದಲಾಯಿಸಬಹುದು. ಒಂದು ಲಿಂಬ್ ಕೆಟ್ಟರೆ ಇಡೀ ಬಿಲ್ಲು ಹೋಗೋದಿಲ್ಲ. ಕೊಂಬು, ನರ, ಸರೇಸು ಹಾಕಿ ಕಟ್ಟುವ ಬಿಲ್ಲಿನ ಆಸೆ ಈಗಲೂ ಇದೆ. ಅದಕ್ಕೆ ಮಳೆಗಾಲದ ತೇವ ಆಗಿ ಬರೋದಿಲ್ಲ, ಬೆಲೆಯೂ ದೊಡ್ಡದು.

ನಮ್ಮ ಕಡೆಯವರು ಬಿಸಿಲಿನ ಲೆಕ್ಕ ಬಿಡಬಾರದು. ರಾಯಚೂರು, ಬಳ್ಳಾರಿ, ಕೊಪ್ಪಳ, ಎಲ್ಲಾ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ನಿಲ್ಲಿಸಿದ ಕಾರಿನೊಳಗೆ ಇನ್ನೂ ಜಾಸ್ತಿ. ಆ ಕಾವಿಗೆ ಲಿಂಬ್‌ನ ಅಂಟು ಸಡಿಲವಾಗಬಹುದು. ನಾನು ಹೆದೆ ಇಳಿಸಿ, ಬಿಲ್ಲನ್ನು ಒಳಗಿನ ಕೋಣೆಯಲ್ಲಿ ಎರಡು ಗೂಟದ ಮೇಲೆ ಅಡ್ಡಲಾಗಿ ಇಡುತ್ತೇನೆ. ಮೂಲೆಗೆ ಒರಗಿಸಿಟ್ಟರೆ ಕೆಳಗಿನ ಲಿಂಬ್ ಮೇಲೆ ಭಾರ ಬಿದ್ದು ಅದು ತಿರುಚುತ್ತದೆ.

ಕೊಳ್ಳುವವರು ದುಡ್ಡೆಲ್ಲ ಬಿಲ್ಲಿಗೇ ಸುರಿಯಬೇಡಿ. ಪೌಂಡಿಗೂ ಎಳೆತಕ್ಕೂ ಹೊಂದುವ ಬಾಣ, ತೋಳುಪಟ್ಟಿ, ಬೆರಳುಗಾಪು, ಸ್ಟ್ರಿಂಗರ್, ಇವಕ್ಕೂ ಮೊದಲೇ ತೆಗೆದಿಡಿ.