ಸಂಕನ್ ಸ್ಲ್ಯಾಬ್ ಇಲ್ಲದೆ ನಾಲ್ಕಡಿ ಅಗಲದಲ್ಲಿ ಎರಡನೇ ಬಾತ್‌ರೂಮ್: ನನ್ನ ಅನುಭವ

"ಸಾರ್, ಸಂಕನ್ ಬಿಡದ ಕಡೆ ಬಾತ್‌ರೂಮ್ ಮಾಡಿದ್ರೆ ಆರು ತಿಂಗಳಲ್ಲಿ ಕೆಳಗೆ ಸೋರುತ್ತೆ." ನೋಡಲು ಬಂದ ಮೂವರು ಮೇಸ್ತ್ರಿಗಳದೂ ಇದೇ ಮಾತು. ಸಂಕನ್ ಅಂದರೆ ಪೈಪುಗಳು ಕೂರಲೆಂದು ಬಾತ್‌ರೂಮಿನ ಭಾಗದಲ್ಲಷ್ಟೇ ಸ್ಲ್ಯಾಬನ್ನು ತಗ್ಗಿಸಿ ಹಾಕುವುದು. ಎರಡು ಮಳೆಗಾಲ ಕಳೆದಿವೆ. ದಿನಾ ಬಳಕೆಯಾಗುತ್ತಿದೆ, ಕೆಳಗಿನ ಊಟದ ಕೋಣೆಯ ಸೀಲಿಂಗಿನಲ್ಲಿ ಒಂದು ಕಲೆಯೂ ಇಲ್ಲ.

ಜಾಗ ಇಷ್ಟೇ: 30×40 ಸೈಟಿನ ಮನೆ, ಮೊದಲ ಮಹಡಿಯ ಹಿಂಬದಿಯ ಸ್ಟೋರ್ ರೂಮು. ಅಗಲ 4 ಅಡಿ, ಉದ್ದ ಏಳೂವರೆ ಅಡಿ. ಉದ್ದದ ಒಂದು ಗೋಡೆ ಹೊರಗೋಡೆ, ಅದರಾಚೆ ಮೂರಡಿಯಲ್ಲೇ ಕಮೋಡಿನ ನೀರು ಹೋಗುವ ಹಳೆಯ 110 ಎಂಎಂ ಪೈಪು ಇಳಿದಿದೆ. ಬಾಗಿಲು ಗಿಡ್ಡ ಗೋಡೆಯಲ್ಲಿ. ಗಾರೆ, ಟೈಲ್ಸ್ ಆದ ಮೇಲೆ ಒಂದೊಂದು ಗೋಡೆಗೆ ಹತ್ತಿರ ಹತ್ತಿರ ಒಂದೂಕಾಲು ಇಂಚು ಹೋಗಿ, ಉಳಿದದ್ದು 45½ ಇಂಚು ಅಗಲ, 87½ ಇಂಚು ಉದ್ದ. ರಾಷ್ಟ್ರೀಯ ಕಟ್ಟಡ ಸಂಹಿತೆ ಸ್ನಾನ, ಕಮೋಡು ಎರಡೂ ಸೇರಿದ ಕೋಣೆಗೆ 2.8 ಚದರ ಮೀಟರ್ ಜಾಗ, 1.2 ಮೀಟರ್ ಅಗಲ ಕೇಳುತ್ತದೆ. ನನ್ನದು ಗಾರೆಗೆ ಮುಂಚೆ ಸುಮಾರು ಅಷ್ಟಿತ್ತು, ಆಮೇಲೆ ಇಲ್ಲ. ಹೊಸದಾಗಿ ಗೋಡೆ ಕಟ್ಟುವವರು ಈ ಎರಡೂವರೆ ಇಂಚನ್ನು ಮೊದಲೇ ಸೇರಿಸಿಕೊಳ್ಳಿ.

ಒಬ್ಬ ಕಂಟ್ರಾಕ್ಟರು ಸ್ಲ್ಯಾಬಿಗೆ ಕೋರ್ ಕಟಿಂಗ್ ಮಾಡಿ (ಮೆಷಿನ್ನಿನಲ್ಲಿ ದುಂಡಗೆ ತೂತು ಕೊರೆದು), ಪೈಪನ್ನು ಕೆಳಗೆ ತೂಗುಹಾಕಿ, ಫಾಲ್ಸ್ ಸೀಲಿಂಗ್ ಮುಚ್ಚಲು 1.8 ಲಕ್ಷ ಹೇಳಿದ್ದರು. ಊಟದ ಮೇಜಿನ ನೆತ್ತಿಯ ಮೇಲೆ ಕಮೋಡಿನ ಪೈಪು ಬೇಡವೇ ಬೇಡ ಅಂತ ಆ ದಾರಿ ಬಿಟ್ಟೆ.

ಸಾಮಾನ್ಯವಾಗಿ ಎಲ್ಲರೂ ಟೈಲ್ಸ್, ಬೇಸಿನ್ನುಗಳಿಂದ ಶುರು ಮಾಡುತ್ತಾರೆ. ಇಂಥ ಕಡೆ ಹೊರಹೋಗುವ ನೀರಿನಿಂದ ಶುರು ಮಾಡಬೇಕು. ಎಸ್-ಟ್ರ್ಯಾಪ್ ಕಮೋಡಿನ ನೀರು ಹೋಗುವ ಬಾಯಿ ಕೆಳಕ್ಕಿರುತ್ತದೆ, ನೆಲ ತೂತು ಕೇಳುತ್ತದೆ. ಪಿ-ಟ್ರ್ಯಾಪಿನ ಬಾಯಿ ನೆಲದಿಂದ 180 ಎಂಎಂ ಮೇಲೆ ಹಿಂದಕ್ಕಿರುತ್ತದೆ, ಗೋಡೆ ತೂತು ಸಾಕು. ಅಲ್ಲಿಗೆ ಕಮೋಡು ಹೊರಗೋಡೆಗೇ ಅಂಟಬೇಕು ಅನ್ನುವುದು ತೀರ್ಮಾನವಾಯಿತು. ಉಳಿದ ಪ್ಲಾನೆಲ್ಲ ಅದರ ಹಿಂದೆ ಬಂದದ್ದು.

ಮೊದಲ ತಪ್ಪು ಇಲ್ಲೇ ಆಯಿತು. ನೋಡಲು ಚೆಂದ ಅಂತ ತಂದ, ಟ್ಯಾಂಕು ಕೂಡಿಕೊಂಡೇ ಇರುವ ಒನ್-ಪೀಸ್ ಕಮೋಡು ಗೋಡೆಯಿಂದ 28 ಇಂಚು ಮುಂದೆ ಬಂತು. ಎದುರು ಉಳಿದದ್ದು 17½ ಇಂಚು, ಕೂತರೆ ಮೊಣಕಾಲು ಗೋಡೆಗೆ. ವಾಪಸು ಕೊಡುವಾಗ ಸಾಗಾಣಿಕೆ ಸೇರಿ ಸಾವಿರದ ಇನ್ನೂರು ಕೈಬಿಟ್ಟಿತು. ಆಮೇಲೆ ಸಾದಾ ಪಿ-ಟ್ರ್ಯಾಪ್ ಕಮೋಡು, ಮೇಲೆ ತೆಳುವಾದ ಪಿವಿಸಿ ಫ್ಲಶ್ ಟ್ಯಾಂಕು ಹಾಕಿದೆ. ಒಟ್ಟು 23½ ಇಂಚು, ಎದುರಿಗೆ 22 ಇಂಚು ಸಿಕ್ಕಿತು. ಎರಡೂ ಸೇರಿ ಆರೂವರೆ ಸಾವಿರದ ಆಸುಪಾಸು. ಗೋಡೆಗೆ ತೂಗುವ ಮಾದರಿಯನ್ನೂ ಅಳೆದು ನೋಡಿದ್ದೆ. ಅದರ ಫ್ರೇಮೇ ನಾಲ್ಕೈದು ಇಂಚು ನುಂಗುತ್ತದೆ, ಈ ಅಗಲದಲ್ಲಿ ಲಾಭವಿಲ್ಲ.

ಕಾಗದದ ಪ್ಲಾನನ್ನು ನಂಬಬೇಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಗೆ ಗೀಚಿ, ಕಮೋಡಿನ ಜಾಗದಲ್ಲಿ ರಟ್ಟಿನ ಡಬ್ಬ, ಸ್ನಾನದ ಜಾಗದಲ್ಲಿ ನಿಜವಾದ 20 ಲೀಟರ್ ಬಕೆಟ್ಟು, ಪಕ್ಕದಲ್ಲಿ ಸ್ಟೂಲು ಇಡಿ. ಕೂತು, ಬಗ್ಗಿ, ಚೊಂಬಿನಲ್ಲಿ ನೀರು ಹೊಯ್ದುಕೊಳ್ಳುವ ಹಾಗೆ ಕೈ ಆಡಿಸಿ. ಶವರಿಗೆ 30 ಇಂಚು ಸಾಕು, ಬಕೆಟ್ ಸ್ನಾನಕ್ಕೆ 36 ಇಲ್ಲದಿದ್ದರೆ ಮೊಣಕೈ ಬಡಿಯುತ್ತದೆ. ಹೀಗೆ ಗೀಚಿ ಅಳಿಸಿ ಕೊನೆಗೆ ನಿಂತ ಲೆಕ್ಕ: ಬಾಗಿಲ ಕಡೆಯಿಂದ ಬೇಸಿನ್ನಿಗೆ 20 ಇಂಚು, ಕಮೋಡಿಗೆ 31, ಸ್ನಾನಕ್ಕೆ 36. ಮೂರೂ ಹೊರಗೋಡೆಯ ಸಾಲಿನಲ್ಲೇ. ಬೇಸಿನ್ನು 14 ಇಂಚಿಗಿಂತ ಮುಂದೆ ಬರಬಾರದು, ಬಂದರೆ 27 ಇಂಚಿನ ಬಾಗಿಲಿಂದ ಒಳಬರುವ ದಾರಿ ಕಟ್ಟುತ್ತದೆ. ಕೂತವರ ಬಲಕ್ಕೆ ಸ್ನಾನದ ಜಾಗ ಇರುವುದರಿಂದ ಹೆಲ್ತ್ ಫಾಸೆಟ್ (ತೊಳೆದುಕೊಳ್ಳುವ ಕೈ ಸ್ಪ್ರೇ) ಕೂಡ ಬಲಕ್ಕೇ, ತೊಟ್ಟಿಕ್ಕಿದ ನೀರು ಆ ಕಡೆಗೇ ಹರಿಯುತ್ತದೆ.

ಸಂಕನ್ ಇಲ್ಲದ್ದರಿಂದ ಸ್ನಾನದ ನೀರಿನ ಪೈಪು ಸ್ಲ್ಯಾಬಿನ ಮೇಲೆಯೇ ಕೂರಬೇಕು, ಅದಕ್ಕೆ ನೆಲ ಎತ್ತರಿಸಬೇಕಿತ್ತು. ಅದನ್ನು ಎರಡು ಸಲ ಮಾಡಿದೆ. ಮೊದಲು ಸ್ನಾನದ ಜಾಗವನ್ನಷ್ಟೇ ಬಚ್ಚಲಕಟ್ಟೆಯ ಹಾಗೆ ಎತ್ತರಿಸಿದೆ. ಸಿಡಿದ ನೀರೆಲ್ಲ ಕೆಳಗಿಳಿದು ಕಮೋಡಿನ ಬುಡದಲ್ಲಿ ನಿಂತಿತು, ಅಲ್ಲಿಂದ ಹೋಗಲು ದಾರಿಯಿಲ್ಲ. ಒಡೆದು ತೆಗೆಯಲು, ಮತ್ತೆ ಮಾಡಲು ಸುಮಾರು ಏಳು ಸಾವಿರ ದಂಡ. ಎರಡನೇ ಸಲ ಇಡೀ ನೆಲವನ್ನು ಆರು ಇಂಚು ಏರಿಸಿದೆ. ಐದು ಯಾಕೆ ಸಾಲದು? ನೀರು ಹೋಗುವ ಜಾಲಿಯ ಕೆಳಗೆ ಕೂತು ವಾಸನೆ ತಡೆಯುವ ಟ್ರ್ಯಾಪು, ಎತ್ತರ ಕಡಿಮೆ ಇರುವುದಾದರೂ, ಅದರಲ್ಲಿ ಬಹುಪಾಲು ನುಂಗುತ್ತದೆ (ಅಂಗಡಿಯಲ್ಲೇ ಟೇಪು ಹಿಡಿದು ನೋಡಿ, ಒಂದೊಂದು ಕಂಪನಿಯದು ಒಂದೊಂದು ಥರ), ಮೇಲೆ ಗಾರೆ, ಟೈಲ್ಸ್. ಜೊತೆಗೆ ಬೇಸಿನ್ನಿನ ಪೈಪು ಆರಡಿ ನೆಲದೊಳಗೆ ಬರಬೇಕು, ಅಡಿಗೆ ಕಾಲು ಇಂಚಿನ ವಾಟ (ಇಳಿಜಾರು) ಅಂದರೆ ಅದಕ್ಕೇ ಒಂದೂವರೆ ಇಂಚು ಬೇಕು.

ಬೇಸಿನ್ನಿನ ನೀರನ್ನು ಆ ಟ್ರ್ಯಾಪಿಗೇ ಸೇರಿಸಿದ್ದಕ್ಕೆ ಕಾರಣವಿದೆ. ಎರಡನೇ ಬಾತ್‌ರೂಮಿನಲ್ಲಿ ದಿನಾ ಸ್ನಾನ ನಡೆಯುವುದಿಲ್ಲ. ಟ್ರ್ಯಾಪಿನಲ್ಲಿ ನಿಂತಿರಬೇಕಾದ ಎರಡು ಇಂಚು ನೀರು ಬೇಸಿಗೆಯಲ್ಲಿ ಒಣಗಿದರೆ ವಾಸನೆ, ಜಿರಳೆ ಎರಡೂ ಮೇಲೆ ಬರುತ್ತವೆ. ಕೈ ತೊಳೆಯುವವರಂತೂ ದಿನಾ ಇರುತ್ತಾರೆ, ಟ್ರ್ಯಾಪು ತುಂಬಿರುತ್ತದೆ.

ತುಂಬಲು ಇಟ್ಟಿಗೆ ಚೂರು ಬೇಡ. ಹದಿನೈದು ಘನ ಅಡಿಯ ಜಾಗಕ್ಕೆ ಅದು ಸ್ಲ್ಯಾಬಿನ ಮೇಲೆ ಏಳುನೂರು ಕೆಜಿಯಾದರೂ ಹೇರುತ್ತದೆ. ಏಎಸಿ ಬ್ಲಾಕಿನ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟಿನ) ಚೂರು ಹಾಕಿದರೆ ಅದರ ಮೂರನೇ ಒಂದು ಭಾಗ. ಆದರೂ ಎಂಜಿನಿಯರಿಗೆ ತೊಲೆ ತೋರಿಸಿಯೇ ಹಾಕಿ. ಏಎಸಿ ನೀರು ಹೀರುತ್ತದೆ, ಅದಕ್ಕೆ ವಾಟರ್‌ಪ್ರೂಫಿಂಗ್ ಕೆಳಗೆ ಸ್ಲ್ಯಾಬಿಗೊಮ್ಮೆ, ಮೇಲೆ ಕಾಂಕ್ರೀಟಿಗೊಮ್ಮೆ, ಎರಡೂ ಕಡೆ.

ಸೋರುತ್ತದೆಯೇ ಎಂದು ನೋಡಲು 48 ಗಂಟೆ ನೀರು ನಿಲ್ಲಿಸಿದಾಗ ಮೊದಲ ಸಲ ಹೊರಗೋಡೆ ಒದ್ದೆಯಾಯಿತು. ನೆಲ ಗಟ್ಟಿಯಾಗಿತ್ತು. ಟ್ರ್ಯಾಪಿನಿಂದ ಹೊರಹೋಗುವ 75 ಎಂಎಂ ಪೈಪು ಗೋಡೆ ದಾಟುವಲ್ಲಿ, ಪೈಪಿನ ಸುತ್ತ ಕೂದಲೆಳೆಯಷ್ಟು ಸಂದು. ನುಣುಪಾದ ಪಿವಿಸಿಗೆ ಸಿಮೆಂಟು ಹಿಡಿಯುವುದಿಲ್ಲ, ಒಣಗುತ್ತಾ ಕುಗ್ಗಿ ಬಿಟ್ಟುಕೊಳ್ಳುತ್ತದೆ. ಆ ಭಾಗ ಬಿಡಿಸಿ, ಪೈಪನ್ನು ಮರಳು ಕಾಗದದಲ್ಲಿ ಉಜ್ಜಿ, ಪೈಪಿನ ಸಲ್ಯೂಷನ್ ಬಳಿದು, ಹಸಿ ಇರುವಾಗಲೇ ಒಣ ಎಂ-ಸ್ಯಾಂಡ್ ಉದುರಿಸಿದೆ. ಒಣಗಿದ ಮೇಲೆ ಪೈಪಿನ ಮೈ ಹಲಸಿನ ಸಿಪ್ಪೆಯ ಹಾಗಾಯಿತು. ಸುತ್ತ ಕುಗ್ಗದ ಗ್ರೌಟು ತುಂಬಿದ ಮೇಲೆ ಒಂದು ಹನಿ ಬಂದಿಲ್ಲ. ನೆಲ ಗೋಡೆ ಸೇರುವ ಮೂಲೆಗೆ ಗುಂಡನೆ ಗಾರೆ ಹಿಡಿಸುವಾಗ ಬೇರೊಂದು ಮಿಶ್ರಣ ಬಳಸಿದ್ದೇನೆ, ಅದರ ಪ್ರಮಾಣ ಸದ್ಯಕ್ಕೆ ನನ್ನಲ್ಲೇ ಇರಲಿ.

ವಾಟವನ್ನು ಎಲ್ಲ ಕಡೆ ಒಂದೇ ಸಮ ಕೊಡಬಾರದು. ಬಾಗಿಲಿಂದ ಕಮೋಡು ದಾಟುವವರೆಗೆ ಅರ್ಧ ಇಂಚು, ಹೆಚ್ಚಾದರೆ ಕಮೋಡು ಅಲ್ಲಾಡುತ್ತದೆ. ಸ್ನಾನದ ಜಾಗ ಅರ್ಧ ಇಂಚು ತಗ್ಗು, ಅದರೊಳಗೆ ಮುಕ್ಕಾಲು ಇಂಚು. ಜಾಲಿ ಹೊರಗೋಡೆಯ ಮೂಲೆಯಲ್ಲಿ, ನಲ್ಲಿ ಅದರ ಎದುರು ಮೂಲೆಗೆ. ನಲ್ಲಿಯ ನೇರಕ್ಕೆ ಜಾಲಿ ಇಟ್ಟರೆ ಬಕೆಟ್ಟು ಅದರ ಮೇಲೆಯೇ ಕೂರುತ್ತದೆ, ನೀರು ಹೋಗುವುದಿಲ್ಲ. ಟೈಲ್ಸ್ ಹಾಕುವವರ ರಸಮಟ್ಟ ಸಾಲದು, ಎರಡು ಚೊಂಬು ನೀರು ಚೆಲ್ಲಿ ನೋಡಿಯೇ ದುಡ್ಡು ಕೊಡಿ.

ನೀರು ಸಿಡಿಯದಿರಲು ಮಧ್ಯೆ ಅರ್ಧ ಗೋಡೆ ಕಟ್ಟಿ ನೋಡಿದೆ, ನಾಲ್ಕು ಇಂಚು ಹೋಯಿತು, ಕೆಡವಿದೆ. ಪರದೆ ಒದ್ದೆಯಾಗಿ ಕಾಲಿಗೆ ಅಂಟಿತು. ಕೊನೆಗೆ ಏನೂ ಇಲ್ಲ, ನೆಲದ ತಗ್ಗೇ ಸಾಕಾಗಿದೆ. ಪಿವಿಸಿ ಮಡಚು ಬಾಗಿಲಿನ ಹಳಿಯಲ್ಲಿ ನಾಲ್ಕು ತಿಂಗಳಿಗೆ ಸೋಪಿನ ಜಿಗುಟು ಕೂತಿತು. ಈಗ ಹೊರಕ್ಕೆ ತೆರೆಯುವ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಬಾಗಿಲು, ಸುಮಾರು ಏಳು ಸಾವಿರ. ಒಳಗೆ ಯಾರಾದರೂ ಜಾರಿ ಬಿದ್ದರೂ ತೆರೆಯಬಹುದು. ಕೆಳಗೆ ಮುಕ್ಕಾಲು ಇಂಚು ಸಂದು ಬಿಡಿ, ಇಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನು ಸುಮ್ಮನೆ ತಿರುಗುತ್ತದೆ, ಹಬೆ ಹೋಗುವುದಿಲ್ಲ.

ಒಟ್ಟು ಖರ್ಚು, ಗೀಸರೂ ದಂಡವೂ ಸೇರಿ, 1.15 ಲಕ್ಷದ ಹತ್ತಿರ. ಆರು ಇಂಚಿನ ಏರು ವಯಸ್ಸಾದವರಿಗೆ ಕಷ್ಟವಾಗಬಾರದೆಂದು ಹೊಸಿಲಿನಾಚೆ ಮೂರು ಇಂಚಿನ, ಒಂದಡಿ ಅಗಲದ ಗ್ರಾನೈಟ್ ಮೆಟ್ಟಿಲು ಕೊಟ್ಟಿದ್ದೇನೆ. ಬಾಗಿಲು ಅದರ ಮೇಲಿಂದಲೇ ತಾಗದೆ ಹಾದುಹೋಗುತ್ತದೆ.