ಅಡಿಕೆ ಹಾಳೆಯ ಮೇಲೆ ಶ್ವೇತಭವನದ ಅಂಚು: ಕ್ರಿಸ್‌ಮಸ್ ಮರಕ್ಕೊಂದು ಅಲಂಕಾರ

ಅಮೆರಿಕದ ಅಧ್ಯಕ್ಷರು ಕೊಡುವ ಅಧಿಕೃತ ಔತಣಗಳ ಪಿಂಗಾಣಿ ತಟ್ಟೆಗಳಲ್ಲಿ ಸೊಬಗೆಲ್ಲ ಅಂಚಿನಲ್ಲಿದೆ. 1861ರಲ್ಲಿ ಮೇರಿ ಲಿಂಕನ್ ತರಿಸಿದ ತಟ್ಟೆಗಳಿಗೆ ನೇರಳೆ ಬೆರೆತ ಕೆಂಪಿನ ಅಂಚು, ಟ್ರೂಮನ್ ಕಾಲದ 1951ರ ತಟ್ಟೆಗಳಿಗೆ ಹಸಿರು, ರೇಗನ್ ಕಾಲದವುಗಳಿಗೆ ಕೆಂಪು. ಆ ಬಣ್ಣದ ಪಟ್ಟಿಗೆ ಚಿನ್ನದ ಗೆರೆಯ ಕಟ್ಟು, ಒಳಗೆ ಬಿಳಿಯ ಬಯಲು. ಈ ಕ್ರಮವನ್ನು ಕೆಡಿಸದಿದ್ದರೆ, ಶಿವಮೊಗ್ಗದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಅಡಿಕೆ ಹಾಳೆಯ ಚಿಕ್ಕ ತಟ್ಟೆಗಳನ್ನೇ ಮರಕ್ಕೆ ತೂಗುಹಾಕುವ ಚೆಂದದ ಅಲಂಕಾರಗಳನ್ನಾಗಿ ಮಾಡಬಹುದು. ಹಾಳೆ ಹಗುರವಾದ್ದರಿಂದ ಗಾಳಿಮರದ ಸಣ್ಣ ಕೊಂಬೆಯೂ ಬಾಗುವುದಿಲ್ಲ.

ನಾಲ್ಕು ಇಂಚಿನ ದುಂಡು ತಟ್ಟೆಗಳನ್ನು ಆರಿಸಿಕೊಂಡು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿರಿ. ತೇವ ಉಳಿದರೆ ಬಣ್ಣದ ಅಡಿಯಲ್ಲೇ ಬೂಷ್ಟು ಹಿಡಿಯುತ್ತದೆ. ದಾರಕ್ಕೆ ಬೇಕಾದ ತೂತನ್ನು ದಬ್ಬಣದಿಂದ ಈಗಲೇ ಮಾಡಿಕೊಳ್ಳಿರಿ. ಹಾಳೆಯ ನಾರಿನ ಏರುತಗ್ಗುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಎರಡೂ ಬದಿಗೆ ಬಿಳಿ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಪ್ರತಿ ಸಲವೂ ಹಿಂದಿನದು ಪೂರ್ತಿ ಒಣಗಿರಬೇಕು.

ಇನ್ನು ಅಂಚು, ಹೆಚ್ಚಿನ ತಾಳ್ಮೆ ಬೇಕಾಗುವುದು ಇಲ್ಲಿಯೇ. ಕೈವಾರದಿಂದ ಅಂಚಿನೊಳಗೆ ಒಂದೂವರೆ ಸೆಂಟಿಮೀಟರ್ ಬಿಟ್ಟು ವೃತ್ತವೊಂದನ್ನು ತೆಳ್ಳಗೆ ಗುರುತಿಸಿ, ಆ ಪಟ್ಟಿಯನ್ನು ಬಣ್ಣದಿಂದ ತುಂಬಿರಿ. ಲಿಂಕನ್ ತಟ್ಟೆಯ ವರ್ಣ ಬೇಕಿದ್ದರೆ ಕಡುಗೆಂಪಿಗೆ ತುಸು ನೇರಳೆ ಬೆರೆಸಬೇಕು. ಚಿನ್ನದ ಗೆರೆಯನ್ನು ಕೊನೆಗೆ ಎಳೆಯಿರಿ, ಏಕೆಂದರೆ ಹಸಿ ಬಣ್ಣದ ಮೇಲೆ ಅದು ಕದಡಿ ಹೊಳಪು ಕಳೆದುಕೊಳ್ಳುತ್ತದೆ. ಗೆರೆ ಎಳೆಯುವಾಗ ಕುಂಚವನ್ನು ಸುತ್ತಿಸಬಾರದು: ಕೇಕ್ ಅಲಂಕರಿಸುವ ತಿರುಗುಮಣೆಯ ಮೇಲೆ ತಟ್ಟೆಯನ್ನು ನಡುಮಧ್ಯಕ್ಕೆ ಅಂಟಿಸಿ, ಕೈಯನ್ನು ಊರಿ, ಕುಂಚದ ತುದಿಯನ್ನು ಅಲುಗಿಸದೆ ಹಿಡಿದು, ಮಣೆಯನ್ನು ಮೆಲ್ಲಗೆ ತಿರುಗಿಸಿರಿ. ಪಿಂಗಾಣಿ ಕುಶಲಕರ್ಮಿಗಳು ಗೆರೆ ಎಳೆಯುವುದೂ ಹೀಗೆಯೇ.

ನಡುವೆ ಏನಿರಬೇಕು? ಲಿಂಕನ್ ತಟ್ಟೆಯಲ್ಲಿ ಹದ್ದಿದೆ. ಲೆನಾಕ್ಸ್ ಸಂಸ್ಥೆ 1918ರಲ್ಲಿ ವಿಲ್ಸನ್ನರಿಗಾಗಿ ತಯಾರಿಸಿದ, ಅಮೆರಿಕದಲ್ಲಿಯೇ ರೂಪುಗೊಂಡ ಮೊದಲ ಶ್ವೇತಭವನ ಪಿಂಗಾಣಿಯಲ್ಲಿ ಅಧ್ಯಕ್ಷರ ಲಾಂಛನವಿದೆ. ಇಷ್ಟು ಚಿಕ್ಕ ಜಾಗದಲ್ಲಿ ಇವೆರಡೂ ಕಲಸಿಹೋಗುತ್ತವೆ. ನನ್ನ ಒಲವು ಹೇಯ್ಸ್ ಅಧ್ಯಕ್ಷರ ತಟ್ಟೆಗಳ ಕಡೆಗೆ. ಥಿಯೊಡೋರ್ ಡೇವಿಸ್ ಎಂಬ ಕಲಾವಿದ 1879ರಲ್ಲಿ ಅವುಗಳಿಗಾಗಿ ಅಮೆರಿಕದ ಗಿಡಮರ, ಪ್ರಾಣಿಪಕ್ಷಿಗಳನ್ನೇ ಚಿತ್ರಿಸಿದ. ಫ್ರಾನ್ಸಿನ ಲಿಮೋಜ್‌ನ ಹ್ಯಾವಿಲೆಂಡ್ ಕಾರ್ಖಾನೆ ಅವನ್ನು ತಯಾರಿಸಿತು. ತನ್ನ ನೆಲದ ಜೀವಜಾಲವನ್ನು ಊಟದ ಮೇಜಿಗೆ ತಂದ ಆ ದಾರಿಯಲ್ಲಿ ನಾವು ನಡೆಯುವುದಾದರೆ ಸೀತಾಳೆ ದಂಡೆಯ ಒಂದು ಗೊಂಚಲು ಅಥವಾ ಮಂಗಟ್ಟೆ ಹಕ್ಕಿಯ ಕೊಕ್ಕು ಸಾಕು. ಎರಡನ್ನೂ ಒಂದೇ ತಟ್ಟೆಗೆ ತುಂಬಬೇಡಿರಿ, ಸುತ್ತಲಿನ ಬಿಳಿಯೇ ಅಂಚಿಗೆ ಮೆರುಗು ಕೊಡುವುದು.

ಹಿಂಬದಿಯಲ್ಲಿ ಯಾವ ತಟ್ಟೆಯ ಮಾದರಿ, ಯಾವ ವರ್ಷದ್ದು ಎಂದು ಸಣ್ಣಗೆ ಬರೆದಿಡಿರಿ. ಒಂದು ದಿನ ಒಣಗಿದ ಮೇಲೆ ಎರಡೂ ಬದಿಗೆ ವಾರ್ನಿಷ್ ಹಚ್ಚಿ, ತೂತಿನಲ್ಲಿ ಚಿನ್ನದ ಬಣ್ಣದ ದಾರ ಪೋಣಿಸಿರಿ. ಬಣ್ಣ ಬಳಿದ ಈ ತಟ್ಟೆಗಳಲ್ಲಿ ತಿಂಡಿಯನ್ನು ಬಡಿಸಬಾರದು. ಹಬ್ಬ ಮುಗಿದ ಬಳಿಕ ಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟರೆ ಮಳೆಗಾಲದ ತೇವ ತಾಗುವುದಿಲ್ಲ.