ಲೋಸೆಕ್ಕಿನ ಅಹವಾಲು ಐಸ್‌ಲ್ಯಾಂಡಿಗೆ ಮುಟ್ಟಿಸಿದ್ದು

ಈವ್ ಆನ್‌ಲೈನ್ ಅನ್ನೋ ಬಾಹ್ಯಾಕಾಶದ ಆಟ ಆಡೋರಿಗೆ ಫ್ಯಾಕ್ಷನ್ ವಾರ್‌ಫೇರ್ ಏನು ಅಂತ ಬಿಡಿಸಿ ಹೇಳೋದು ಬೇಡ. ಉಳಿದವರಿಗೆ: ಆಟದ ಸಾಮ್ರಾಜ್ಯಗಳ ಪರ ನಿಂತು, ಲೋಸೆಕ್ ಅನ್ನೋ ಅರೆ-ಕಾವಲಿನ ವಲಯದ ಸಿಸ್ಟಮ್‌ಗಳಿಗಾಗಿ (ನಕ್ಷತ್ರಮಂಡಲ) ಕಾದಾಡೋದು; ಪ್ಲೆಕ್ಸ್ ಅನ್ನೋ ತಾಣದಲ್ಲಿ ಟೈಮರ್ ಮುಗಿಯೋವರೆಗೆ ನಿಂತ್ರೆ ಎಲ್‌ಪಿ ಅನ್ನೋ ಬಹುಮಾನದ ಅಂಕ. 2008ರಲ್ಲಿ ಬಂದದ್ದು, ಆಮೇಲೆ ಎಷ್ಟೋ ವರ್ಷ ಹಾಗೇ ಬಿದ್ದಿತ್ತು. ಹುವೊಲಾ ಸಿಸ್ಟಮ್ಮಿನಲ್ಲಿ ಹಡಗಿನ ಮೇಲೆ ಹಡಗು ಸುಟ್ಟುಕೊಂಡು ಕಾದಾಡೋರು ನಾವು. ಹಿಂದಿನ ಖಾಲಿ ಸಿಸ್ಟಮ್ಮಿನಲ್ಲಿ ಟೈಮರ್ ಓಡಿಸ್ತಾ ಕೂತ ಫಾರ್ಮರ್‌ಗೂ (ಕಾದಾಡದೆ ಅಂಕ ಗಿಟ್ಟಿಸೋನು) ಆಗ ಅಷ್ಟೇ ಎಲ್‌ಪಿ. ಡಿ-ಸ್ಕ್ಯಾನ್‌ನಲ್ಲಿ, ಅಂದ್ರೆ ಸುತ್ತಲ ಹಡಗು ತೋರಿಸೋ ರಾಡಾರಿನಲ್ಲಿ, ನಮ್ಮ ರಿಫ್ಟರ್ ಹಡಗು ಕಂಡ್ರೆ ಪರಾರಿ, ನಾವು ಆಚೆ ಹೋದ್ರೆ ಮತ್ತೆ ಹಾಜರ್.

ಆಟ ಮಾಡಿದ ಐಸ್‌ಲ್ಯಾಂಡಿನ ಕಂಪನಿಗೆ ಸಲಹೆ ಕೊಡೋ, ಆಟಗಾರರೇ ಚುನಾಯಿಸೋ ಮಂಡಳಿ ಸಿಎಸ್‌ಎಂ ಮೂಲಕ ಇದನ್ನ ಎತ್ತಿಸ್ತೀನಿ ಅಂದಾಗ ಬೆಳಗಾವಿಯ ನಮ್ಮ ಹುಡುಗರೇ ನಕ್ರು. "ನಲ್‌ಸೆಕ್‌ನವರ ಸಾವಿರಾರು ಓಟಿನ ಮುಂದ ನಮ್ಮ ಹತ್ತು-ಹದಿನೈದು ಯಾವ ಲೆಕ್ಕಲೇ ದೋಸ್ತಾ?" ನಲ್‌ಸೆಕ್ ಅಂದ್ರೆ ಕಾವಲೇ ಇಲ್ಲದ ಹೊರವಲಯ, ಅಲ್ಲಿನ ದೊಡ್ಡ ಕೂಟಗಳಿಗೆ ಬ್ಲಾಕ್ ಅಂತಾರೆ.

2020ರಲ್ಲಿ ಅವರು ಹೇಳಿದ್ದೇ ಆಯ್ತು. ಲೋಸೆಕ್‌ನವನೇ ಒಬ್ಬ ನಿಂತಿದ್ದ. ಹುಡುಗರು ಅವನೊಬ್ಬನ ಹೆಸರು ಹಾಕಿ ಬಾಕಿ ಜಾಗ ಖಾಲಿ ಬಿಟ್ರು, "ಬ್ಯಾರೇದವರಿಗೆ ಯಾಕ ಹಾಕ್ಬೇಕು?" ಅನ್ನೋ ಹಟ. ಅವ ಶುರುವಿನ ಸುತ್ತಿನಲ್ಲೇ ಔಟ್. ಎಸ್‌ಟಿವಿ ಪದ್ಧತಿಯಲ್ಲಿ ಔಟಾದವನ ಓಟು ಪಟ್ಟಿಯ ಮುಂದಿನ ಹೆಸರಿಗೆ ದಾಟುತ್ತೆ, ಎರಡನೇ ಹೆಸರಿಲ್ಲದ ಓಟು ಅಲ್ಲಿಗೇ ಸತ್ತಿತು. ಆ ವರ್ಷ ಇಪ್ಪತ್ತು ಬೇಡಿಕೆಯ ಉದ್ದನೆ ಮನವಿಯನ್ನೂ ಕಳಿಸಿದ್ವಿ. ಯಾರೂ ಓದಿದಂತಿಲ್ಲ.

ಮುಂದಿನ ಸಲ ಬೇಡಿಕೆ ಬಿಟ್ಟು ಲೆಕ್ಕ ಹಿಡಿದೆ. ಸರ್ವರ್ ದಿನಾ ನಿಲ್ಲೋ ಡೌನ್‌ಟೈಮ್ ನಮ್ಮ ಸಂಜೆ ನಾಲ್ಕೂವರೆಗೆ, ಅದು ಮುಗಿದ ಕೂಡಲೇ ಹೊಸ ಪ್ಲೆಕ್ಸ್‌ಗಳು ತೆರೀತಾವೆ. ಯುರೋಪಿನವರು ಆಗ ಆಫೀಸಿನಲ್ಲಿರ್ತಾರೆ. ಫಾರ್ಮರ್‌ಗಳ ಸಂತೆ ನಡೆಯೋದೇ ಆ ಹೊತ್ತಿಗೆ, ಅದನ್ನ ಕಣ್ಣಾರೆ ನೋಡೋಕೆ ನಮ್ಮಷ್ಟು ಅನುಕೂಲ ಇದ್ದವರು ಯಾರಿದ್ದಾರೆ ಹೇಳ್ರಿ! ಖಡೇಬಜಾರಿನಲ್ಲಿ ತಂದ ಗೆರೆ ಹಾಳೆಯ ನೋಟ್‌ಬುಕ್ಕಿನಲ್ಲಿ ಐದು ಕಾಲಂ: ಹೊತ್ತು, ಸಿಸ್ಟಮ್, ಪ್ಲೆಕ್ಸಿನ ಅಳತೆ ನೋವಿಸ್ಸೋ ಸ್ಮಾಲೋ ಮೀಡಿಯಮ್ಮೋ, ಎಷ್ಟು ಹಡಗು, ಕಾದಾಡಿದನೋ ಓಡಿದನೋ. ಕಡೆಯ ಕಾಲಂನಲ್ಲಿ ಪುಟಗಟ್ಟಲೆ ಬರೀ 'ಓಡಿದ', 'ಓಡಿದ'. ಹತ್ತರಲ್ಲಿ ಎಂಟು ಸಲವಾದರೂ ಹಾಗೇ ಇತ್ತು. ಉದ್ಯಮಬಾಗದ ಫೌಂಡ್ರಿಯಲ್ಲಿ ಬೆಳಗಿನ ಶಿಫ್ಟ್ ಮುಗಿಸಿ ಬಂದವನೊಬ್ಬ ಕಣ್ಣು ಮುಚ್ಚಿ ಬೀಳ್ತಾ ಬರೆದ ಪುಟಗಳೂ ಇವೆ, ಅವನ್ನ ಲೆಕ್ಕಕ್ಕೆ ಹಿಡಿಯಲಿಲ್ಲ. ಎಣಿಸಿದವರಿಗೆ ಕೂಲಿ ವಾರಕ್ಕೆ ಅರ್ಧ ಕೇಜಿ ಕುಂದಾ.

ಖರ್ಚು ಕುಂದಾಕ್ಕಿಂತ ಒಮೆಗಾ ಅನ್ನೋ ದುಡ್ಡಿನ ಖಾತೆಯದ್ದೇ ಹೆಚ್ಚು. ಪುಕ್ಕಟೆ ಖಾತೆ ಆಲ್ಫಾಗೆ ಓಟಿಲ್ಲ. ಆಗ ತಿಂಗಳಿಗೆ 15 ಡಾಲರ್, ಅಂದ್ರೆ ಹನ್ನೊಂದು ನೂರರ ಆಸುಪಾಸು. ನನ್ನವೇ ಎರಡು ಖಾತೆ, ಮೇಲೆ ಕೈ ಖಾಲಿಯಿದ್ದ ಹುಡುಗರಿಗೆ ಆಟದೊಳಗಿನ ನನ್ನ ಹಣ ಐಎಸ್‌ಕೆಯಿಂದಲೇ ಒಮೆಗಾ ಕೊಳ್ಳೋ ಪ್ಲೆಕ್ಸ್ (ತಾಣದ ಪ್ಲೆಕ್ಸ್ ಅಲ್ಲ) ಕೊಡಿಸಿದೆ. ಇನ್ವರ್ಟರ್ ಬ್ಯಾಟರಿ ಬದಲಿಸಿದ್ದು ಬೇರೆ. ಮನೆಯಲ್ಲಿ ಇವತ್ತಿಗೂ ಅದು ಮಿಕ್ಸಿ ಸಲುವಾಗಿ ಹಾಕಿಸಿದ್ದು ಅಂತಲೇ ತಿಳಿದಿದ್ದಾರೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದ್ವಿ. ಹೊಸಬರಿಗೆ ಪುಕ್ಕಟೆ ರಿಫ್ಟರ್ ಹಂಚಿ ಶನಿವಾರ ರಾತ್ರಿ ಫ್ಲೀಟ್. ನೂರರ ಹತ್ತಿರ ಹಡಗು ಹೋದ್ವು, ನಾಲ್ಕೈದು ಜನ ಉಳಿದ್ರು. ಲಾಭ ಇಲ್ಲ ಅನ್ನೋ ಹಂಗಿಲ್ಲ, ಉಳಿದವರೆಲ್ಲ ಒಮೆಗಾ ಆದ್ರು.

2021ರಲ್ಲಿ ಲೋಸೆಕ್‌ನವನನ್ನ ಮೊದಲು ಹಾಕಿಸಿ, ಎರಡನೇ ಮೂರನೇ ಜಾಗಕ್ಕೆ ಗೆಲುವಿನ ಅಂಚಿನಲ್ಲಿದ್ದವರ ಹೆಸರು ಕೊಡಿಸಿದೆ. ಬ್ಲಾಕ್‌ನ ಖಾತ್ರಿ ಕುಳಗಳಿಗೆ ನಮ್ಮ ಓಟು ಬೇಕಾಗಿಲ್ಲ, ಅಂಚಿನವನಿಗೆ ಹದಿನೈದು ಓಟೂ ಬೇಕು. ಆ ಹದಿನೈದರ ಜೊತೆ ಒಂದೇ ಪುಟದ ಲೆಕ್ಕ, ಮೂರು ನಿಮಿಷದ ವಿಡಿಯೋ. ಅಂಚಿನವ ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳೋದು ಹೇಗೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಮುಂದಿನ ಚುನಾವಣೆಗೂ ಬೇಕಲ್ರಿ. ಒಬ್ಬ ಗೆದ್ದ. ಗೆದ್ದ ಮೇಲೆ ಎನ್‌ಡಿಎ, ಅಂದ್ರೆ ಗುಟ್ಟು ಬಿಡದ ಕರಾರು, ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ವರ್ಷದ ಮೇಲೂ ಹುಡುಗರು "ಏನಾತಲೇ ನಿನ್ನ ಓಟು?" ಅಂತ ಕಾಡಿದ್ರು. 2022ರ ಮೇನಲ್ಲಿ ಒಮೆಗಾ 20 ಡಾಲರ್ ಆದಾಗ ಮೂರ್ನಾಲ್ಕು ಜನ ಬಿಟ್ಟೇ ಹೋದ್ರು.

ಆ ನವೆಂಬರಿನಲ್ಲಿ ಆಟದ ಹೊಸ ಆವೃತ್ತಿ ಅಪ್‌ರೈಸಿಂಗ್ ಬಂತು. ಫ್ರಂಟ್‌ಲೈನ್, ಕಮಾಂಡ್ ಆಪರೇಷನ್ಸ್, ರಿಯರ್‌ಗಾರ್ಡ್ ಅಂತ ಸಿಸ್ಟಮ್‌ಗಳ ವಿಂಗಡಣೆ, ಗಡಿಯಲ್ಲಿ ಕಾದಾಡಿದ್ರೆ ಹೆಚ್ಚು, ಹಿಂದೆ ಅಡಗಿ ಕೂತ್ರೆ ಪುಡಿಗಾಸು. ನಮ್ಮ ಪುಟದ ಮೊದಲ ಸಾಲೂ ಇದೇ. ಬೇರೆಯವರೂ ಕೇಳಿರಬಹುದು, ಇಲ್ಲ ಅನ್ನಲ್ಲ. ಆದ್ರೆ ನಕ್ಕಿದ್ದ ಹುಡುಗರು ಆ ವಾರ ಕುಂದಾ ತಾವೇ ತಂದ್ರು.

ಈಗ ಎರಡನೇ ನೋಟ್‌ಬುಕ್ ಶುರುವಾಗಿದೆ. ಬಾಗಲಕೋಟೆ, ವಿಜಯಪುರ ಕಡೆ ಸಂಜೆ ಐದಕ್ಕೆ ಲಾಗಿನ್ ಆಗೋರು ಇದ್ರೆ ಹೇಳ್ರಿ, ಒಮೆಗಾ ಇರಬೇಕು.